ಅಮ್ಮನ ದವಡೆಗೆ ಇವತ್ತು ಸ್ಕ್ರೂ ಬೇಡ

ಗಿರಿ ಅಣ್ಣ,

ನೀನು ಏಳುವ ಮುಂಚೆ, ಸದ್ದು ಮಾಡದೆ ನಿನ್ನ ಅಂಗಿ ಇಸ್ತ್ರಿ ಮಾಡಿ ಕುರ್ಚಿಯ ಮೇಲೆ ಹಾಕಿದ್ದೇನೆ. ಅದನ್ನು ಹಾಕಿಕೊಂಡು ಕೆಲಸಕ್ಕೆ ಹೋಗು. ಅಮ್ಮನನ್ನು ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಡ.

ಉಪವಾಸವಿದ್ದರೆ ಆಸ್ಪತ್ರೆಯಲ್ಲಿ ಬೆರಳು ಚುಚ್ಚಿದಾಗ ಶುಗರ್ ಕಮ್ಮಿ ತೋರಿಸುತ್ತದೆ ಎಂದು ನೀನು ಹೇಳಿದ್ದನ್ನು ನಂಬಿ ಅಮ್ಮ ನಿನ್ನೆಯಿಂದ ಏನೂ ಮುಟ್ಟಿರಲಿಲ್ಲ. ಬೆಳಿಗ್ಗೆ ಕೈ ನಡುಗುತ್ತಿತ್ತು. ನಾನೇ ಇಡ್ಲಿ ತಿನ್ನಿಸಿದೆ. ಬೈಯುವುದಿದ್ದರೆ ಬೈದುಕೋ. ಉಳಿದದ್ದು ಡಬ್ಬಿಯಲ್ಲಿದೆ, ನೀನೂ ತಿನ್ನು.

ಹೋದ ವಾರ ಡಾಕ್ಟರ್ ಕೇಳಿದಾಗ ನೀನು, "ಶುಗರ್ ಗಿಗರ್ ಏನೂ ಇಲ್ಲ ಸಾರ್, ನಮ್ಮಮ್ಮ ಕಲ್ಲುಗುಂಡು ಇದ್ದಂಗವ್ರೆ" ಅಂದುಬಿಟ್ಟೆ. ನಾನು ಬಾಯಿ ತೆರೆದರೆ, "ಏಳನೇ ಕ್ಲಾಸ್ ಬಿಟ್ಟೋಳು ನೀನು, ಸುಮ್ನೆ ಕೂತ್ಕೊಳ್ಳೇ" ಎಂದೆ. ಕೂತೆ. ನೀನು ಫೋನ್ ಹಿಡಿದು ಹೊರಗೆ ಹೋದ ಮೇಲೆ ಅದೇ ಡಾಕ್ಟರ್ ಇನ್ನೊಬ್ಬ ಅಜ್ಜನಿಗೆ ಹೇಳಿದ್ದು ಕೇಳಿಸಿತು. ಶುಗರ್ ಹತೋಟಿಗೆ ಬರುವವರೆಗೆ ದವಡೆಗೆ ಸ್ಕ್ರೂ ಹಾಕಿ ಹಲ್ಲು ಕೂರಿಸುವ ಇಂಪ್ಲಾಂಟ್ ಬೇಡ, ಗಾಯ ಕೀವಾಗಬಹುದು, ಸ್ಕ್ರೂ ಮೂಳೆಗೆ ಕಚ್ಚಿಕೊಳ್ಳದೇ ಹೋಗಬಹುದು ಎಂದರು.

ನಿನ್ನ ನಿಶ್ಚಿತಾರ್ಥದ ಫೋಟೋದಲ್ಲಿ ಅಮ್ಮನ ಮುಂದಿನ ಹಲ್ಲು ಇಲ್ಲದಿದ್ದರೆ ಇಲ್ಲ. ಹುಡುಗಿ ಮನೆಯವರು ನಗುವುದಾದರೆ ನಗಲಿ.

ಅಮ್ಮನ ಶುಗರ್ ಮಾತ್ರೆಗಳನ್ನು ತೆಗೆದುಕೊಂಡು ನಾನೊಬ್ಬಳೇ ಆ ಆಸ್ಪತ್ರೆಗೆ ಗಂಗಾನಗರದ ಬಸ್ಸು ಹತ್ತುತ್ತೇನೆ. ಡಾಕ್ಟರ ಎದುರು ಮಾತು ಹೊರಡದಿದ್ದರೆ ಮಾತ್ರೆಗಳನ್ನು ಅವರ ಮೇಜಿನ ಮೇಲಿಟ್ಟು ನಿಂತುಕೊಳ್ಳುತ್ತೇನೆ. ಅವರು ನಿನಗೆ ಫೋನ್ ಮಾಡುತ್ತಾರೆ. ಎತ್ತು. ಅಮ್ಮನಿಗೆ ಶುಗರ್ ಇದೆ ಎಂದು ನಿನ್ನ ಬಾಯಿಂದಲೇ ಹೇಳು.

ಮೋನಿಷಾ