ನಕ್ಕವರ ಪಟ್ಟಿ

ಆಗಸ್ಟ್ 4, ಸೋಮವಾರ. ಬೆಳಿಗ್ಗೆ 10.20

ಕರೆಂಟ್ ಈಗ ಬಂತು. ಶ್ರಾವಣ ಪ್ರವಚನದ ಕರಪತ್ರ ಎರಡು, ಒಂದು ಶಾಲೆಯ ಐಡಿ ಕಾರ್ಡು — ಇವತ್ತೇ ಆಗಬೇಕು. ತಬಸ್ಸುಮ ಟೈಪಿಂಗಿಗೆ ಕೂತಳು. ಬೀದರಿನ ನನ್ನ ಡಿಟಿಪಿ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಆ ಕುರ್ಚಿ ಅವಳದೇ. ನಾನು ಪಕ್ಕದ ಕಂಪ್ಯೂಟರಿನಲ್ಲಿ ನಮ್ಮ ಪ್ರತ್ಯೇಕ ರಾಜ್ಯ ಹೋರಾಟ ಸಮಿತಿಯ ವಾಟ್ಸಾಪ್ ಗ್ರೂಪು ತೆರೆದೆ.

ಮತ್ತೊಂದು ಜೋಕು. ಬಸ್‌ಸ್ಟ್ಯಾಂಡ್ ಹತ್ತಿರ ಮೋಮೋ ಗಾಡಿ ಇಟ್ಟಿದ್ದಾನಲ್ಲ, ಮಣಿಪುರದವನು, ಅವನ ಫೋಟೊ. ಕಣ್ಣಿನ ಜಾಗದಲ್ಲಿ ಎರಡು ಗೆರೆ. ಕೆಳಗೆ ಪ್ರಾಸ ಕಟ್ಟಿದ ಎರಡು ಸಾಲು — ಓಣಿಯ ನಾಯಿಗಳು ಎಲ್ಲಿ ಕಾಣೆಯಾದವು ಅಂತ. ಹಾಕಿದ್ದು ‘ಬಾಣ’ ಎನ್ನುವ ನಂಬರು. ಯಾರದೋ ಗೊತ್ತಿಲ್ಲ. ಆರು ತಿಂಗಳಿಂದ ಹಾಕುತ್ತಿದೆ.

ನಗುವಿನ ಇಮೋಜಿ ಒತ್ತಿದೆ. ಎಲ್ಲರೂ ಒತ್ತಿದ್ದರು.

ಗೆಳೆಯ ರತ್ನದೀಪ ಒಬ್ಬನೇ ಬರೆದ: “ನಮ್ಮ ರಾಜ್ಯ ನಮಗ ಬೇಕು ಅನ್ನೋದು ಬ್ಯಾರೆ, ದುಡದು ತಿನ್ನೋನ ಮಾರಿ ನೋಡಿ ನಗೋದು ಬ್ಯಾರೆ. ಇದನ್ನ ತೆಗೀರಿ.”

ಯಾರೂ ತೆಗೆಯಲಿಲ್ಲ. ಅಧ್ಯಕ್ಷ ಹಣಮಂತಪ್ಪ ಸರ್ ಕೈ ಮುಗಿಯುವ ಚಿತ್ರ ಹಾಕಿದರು. ಅದಕ್ಕೆ ಏನರ್ಥ — ಸಾಕು ಅಂತಲೋ, ಶಭಾಷ್ ಅಂತಲೋ.


ಆಗಸ್ಟ್ 6, ಬುಧವಾರ

ಮೋಮೋ ಗಾಡಿ ಇಲ್ಲ. ಪಕ್ಕದ ಚಹಾದ ಅಂಗಡಿಯ ಮಕ್ಬೂಲ ಹೇಳಿದ. ನಿನ್ನೆ ಸಂಜೆ ಬೈಕಿನಲ್ಲಿ ನಾಲ್ವರು ಬಂದರಂತೆ. ಆ ಎರಡು ಸಾಲು ಹಾಡಿದಂತೆ ಹೇಳಿದರು, ನಕ್ಕರು, ಉಗಿಯ ಡಬರಿ ಒದ್ದರು. ಕುದಿಯುವ ನೀರು ಅವನ ಎರಡೂ ಕಾಲ ಮೇಲೆ.

“ದವಾಖಾನಿಗಿ ಒಯ್ದವ್ರು ಯಾರು?”

“ನಿಮ್ಮ ದೋಸ್ತ್ ರತ್ನದೀಪ ಅವ್ರೇ. ಬಸ್ ಇಳದು ಬರಲತ್ತಿದ್ರು. ಆಟೋದಾಗ ಎತ್ತಿ ಹಾಕ್ಕೊಂಡು ಹೋದ್ರು.” ಮತ್ತೆ ಕೇಳಿದ, “ಆ ಹಾಡು ನಿಮ್ಮ ಸಮಿತಿದಂತ, ಹೌದೇನ್ರಿ?”

ಹಾಡಲ್ಲ, ಜೋಕು ಎಂದೆ. ಹೇಳಿದ ಮೇಲೆ ನನಗೇ ಕೆಟ್ಟದಾಗಿ ಕೇಳಿಸಿತು. ಮಕ್ಬೂಲ ಯಾಕೆ ಕೇಳಿದ? ಯಾರು ಹೇಳಿದರು ಅವನಿಗೆ?


ಆಗಸ್ಟ್ 7, ಗುರುವಾರ. ಮಧ್ಯಾಹ್ನ

ಇವತ್ತು ‘ಬಾಣ’ ರತ್ನದೀಪನನ್ನೇ ಹಾಕಿದೆ. ಅವನ ಫೋಟೊ, ಪಕ್ಕದಲ್ಲಿ ಮೋಮೋದವನ ಫೋಟೊ. “ಒಬ್ಬಗ ಹಗಲು ಕಣ್ಣು ಕಾಣವು, ಇನ್ನೊಬ್ಬ ರಾತ್ರಿ ಯಾರಿಗೂ ಕಾಣ.” ಅದರ ಕೆಳಗೆ ಅವನ ಜಾತಿ ಎತ್ತಿ ಒಂದು ಮಾತು. ಇಲ್ಲಿ ಬರೆಯುವುದಿಲ್ಲ.

ಯಾರಿಗೂ ತೋರಿಸುವ ಪುಸ್ತಕವಲ್ಲ ಇದು, ಹಾಗಾಗಿ ನಿಜ ಬರೆಯುತ್ತೇನೆ. ಮೊದಲ ಸಾಲು ಓದಿದಾಗ ನಗು ಬಂತು. ಗಟ್ಟಿಯಾಗಿಯೇ ನಕ್ಕೆ. ತಬಸ್ಸುಮ ತಿರುಗಿ ನೋಡಿದಳು. ಆಮೇಲೆ ಫೋಟೊ ಯಾರದೆಂದು ನೋಡಿದೆ.

ಕಾಲೇಜಿನಿಂದ ಗೆಳೆಯ. ಚಿಂತಾಕಿಯ ಅವರ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇನೆ. ಸಮಿತಿಗೆ ಕರೆತಂದವನು ನಾನೇ. ಬಸವಣ್ಣನವರು ನಡೆದ ನೆಲ, ಇಲ್ಲಿ ಮೇಲು ಕೀಳು ಇಲ್ಲ ಬಾ ಎಂದಿದ್ದೆ.

ರತ್ನದೀಪ ಗ್ರೂಪು ಬಿಟ್ಟ.


ಆಗಸ್ಟ್ 9, ಶನಿವಾರ

ಯೂಟ್ಯೂಬ್ ಸುದ್ದಿ ಚಾನೆಲ್ ಒಂದರಲ್ಲಿ ಗ್ರೂಪಿನ ಸ್ಕ್ರೀನ್‌ಶಾಟು! ಎರಡೂ ಜೋಕು. ಮೊದಲನೆಯದಕ್ಕೆ ನಕ್ಕವರ ಪಟ್ಟಿಯೂ ಹೆಸರಿನ ಸಮೇತ. ಹೆಂಡತಿ ಶಶಿಕಲಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಫೋನು ನನ್ನ ಮುಂದೆ ಹಿಡಿದಳು.

“ಎರಡನೇ ಹೆಸರು ನಿಮ್ದೇ ಅದರಿ.”

“ಎಲ್ಲಾರೂ ಒತ್ತಿದ್ರು.”

“ಸೋಮವಾರ ನನ್ನ ಸಾಲ್ಯಾಗ ಟೀಚರ್‌ಗಳು ಕೇಳಿದ್ರ ಇದನ್ನೇ ಹೇಳ್ಲೇನು?”

ಯಾರು ಕಳಿಸಿದರು — ತಲೆಯಲ್ಲಿ ಅದೊಂದೇ.


ಆಗಸ್ಟ್ 10, ಭಾನುವಾರ. ಭಾಲ್ಕಿ

ಅಧ್ಯಕ್ಷರ ಮನೆಯಲ್ಲಿ ತುರ್ತು ಸಭೆ. ಹದಿನಾರು ಮಂದಿ. ಎರಡು ತಾಸು ಮಾತು. ಗಾಡಿ ಉರುಳಿದ್ದು, ಕಾಲು ಸುಟ್ಟದ್ದು — ಒಬ್ಬರೂ ಎತ್ತಲಿಲ್ಲ. ‘ಬಾಣ’ ಯಾರು ಎಂದೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮಾತೆಲ್ಲ ಒಂದೇ: ಹೊರಗೆ ಬಿಟ್ಟವನು ಯಾರು?

“ನಮ್ಮೊಳಗ ಒಬ್ಬ ಚಾಡಿಕೋರ ಅದಾನ,” ಎಂದರು ಹಣಮಂತಪ್ಪ ಸರ್. ನಿವೃತ್ತ ಕನ್ನಡ ಉಪನ್ಯಾಸಕರು, ಮಾತು ನಿಧಾನ. “ಪ್ರವೀಣಕುಮಾರ, ನೀವು ಕಾರ್ಯದರ್ಶಿ. ತಪಾಸ ಮಾಡಿ ಇಪ್ಪತ್ನಾಕಕ್ಕ ವರದಿ ಕೊಡ್ರಿ.”

ಎಲ್ಲರ ಕಣ್ಣು ರತ್ನದೀಪ ಕೂರುತ್ತಿದ್ದ ಖಾಲಿ ಕುರ್ಚಿಯ ಮೇಲೆ. ನನ್ನದೂ.


ಆಗಸ್ಟ್ 12, ಮಂಗಳವಾರ

ರತ್ನದೀಪನಿಗೆ ಫೋನು. ನಾಲ್ಕನೇ ಸಲಕ್ಕೆ ಎತ್ತಿದ. ಕಾಲು ಸುಟ್ಟವನು ಹೇಗಿದ್ದಾನೆ ಎಂದು ಶುರು ಮಾಡಿದೆ. ಅವನು ತಡೆದ.

“ಅದನ್ನ ಕೇಳಾಕ ಫೋನ್ ಮಾಡಿಲ್ಲ ನೀ. ನಾ ಕಳಿಸೀನೇನು ಅಂತ ಕೇಳಬೇಕಾಗ್ಯದ. ಕೇಳು.”

“...ಕಳಿಸೀಯೇನು?”

“ಕಳಿಸಿದ್ರ ನನ್ನ ಹೆಸರ್ಲೇ ಕಳಿಸ್ತಿದ್ದೆ.” ಕಟ್.

ನಂಬುವುದೋ ಬಿಡುವುದೋ. ಸುಳ್ಳು ಹೇಳುವವರೂ ಹೀಗೆಯೇ ಹೇಳುತ್ತಾರೆ. ಅವನು ಗ್ರೂಪು ಬಿಟ್ಟ ಹೊತ್ತು ಬರೆದಿಟ್ಟುಕೊಂಡೆ. ಮಧ್ಯಾಹ್ನ 2.10.


ಆಗಸ್ಟ್ 14, ಗುರುವಾರ. ಸಂಜೆ 6

ಆ ವಿಡಿಯೊ ಹತ್ತು ಸಲ ನಿಲ್ಲಿಸಿ ನೋಡಿದೆ.

ಒಂದು. ಸ್ಕ್ರೀನ್‌ಶಾಟು ಫೋನಿನದಲ್ಲ. ಅಗಲ ಜಾಸ್ತಿ. ಕಂಪ್ಯೂಟರಿನದು. ಮೂಲೆಯಲ್ಲಿ ಹೊತ್ತು 3.40. ರತ್ನದೀಪ ಗ್ರೂಪು ಬಿಟ್ಟ ಸೂಚನೆಯೂ ಅದರಲ್ಲಿದೆ, ಅಷ್ಟು ಹೊತ್ತಿಗೆ ಅವನು ಗ್ರೂಪಿನಲ್ಲೇ ಇರಲಿಲ್ಲ. ಕೆಳಗಿನ ಪಟ್ಟಿಯಲ್ಲಿ ಇರುವ ಐಕಾನುಗಳು... ಅದೇ ಸಾಲು, ಅದೇ ಕ್ರಮ. ನನ್ನ ಅಂಗಡಿಯ ಕಂಪ್ಯೂಟರು.

ಇನ್ನೊಂದು, ಇದು ಅದಕ್ಕಿಂತ ಕೆಟ್ಟದ್ದು. ಜೋಕಿನ ಫೋಟೊದಲ್ಲಿ ರತ್ನದೀಪನ ಎಡಗೈ, ಕೈಯಲ್ಲಿ ಚಹಾದ ಕಪ್ಪು. ಜನವರಿ ಸಭೆಯಲ್ಲಿ ನಾನೇ ತೆಗೆದದ್ದು. ಗ್ರೂಪಿಗೆ ಹಾಕುವಾಗ ಕೈ ಕತ್ತರಿಸಿ ಮುಖ ಮಾತ್ರ ಹಾಕಿದ್ದೆ. ಪೂರ್ತಿ ಫೋಟೊ ಇರುವುದು ಎರಡೇ ಕಡೆ. ಇದೇ ಕಂಪ್ಯೂಟರು. ಮತ್ತೆ ಸ್ಮರಣ ಸಂಚಿಕೆಗೆಂದು ನಾನು ಕೊಟ್ಟ ಅಧ್ಯಕ್ಷರ ಪೆನ್‌ಡ್ರೈವು.

ಅಧ್ಯಕ್ಷರು ಇರಲಾರರು. ಹಾಗಾದರೆ ತಬಸ್ಸುಮ? ಜೋಕು ಮಾಡಿದ್ದೂ ಅವಳೇ, ಬಿಟ್ಟದ್ದೂ ಅವಳೇ? ಸಮಿತಿಗೆ ಕೆಟ್ಟ ಹೆಸರು ತರಲು? ಎರಡು ದಿನದಿಂದ ಅವಳು ಮಾತು ಕಡಿಮೆ ಮಾಡಿದ್ದಾಳೆ. ಫೋನು ಬಂದರೆ ಹೊರಗೆ ಹೋಗುತ್ತಾಳೆ. ನಿನ್ನೆ ನಾನು ಬಂದಾಗ ಏನೋ ಮುಚ್ಚಿದಳು.


ಆಗಸ್ಟ್ 16, ಶನಿವಾರ

ಕೇಳಿಬಿಟ್ಟೆ. ಅವಳು ಹೆದರುತ್ತಾಳೆ ಅಂದುಕೊಂಡಿದ್ದೆ. ಕೀಬೋರ್ಡು ಹಿಂದೆ ಸರಿಸಿ ನೇರ ನೋಡಿದಳು.

“ಜೋಕು ನಾ ಮಾಡಿಲ್ಲರಿ ಅಣ್ಣಾ. ಕಳಿಸಿದಾಕಿ ನಾನೇ. ನಿಮ್ಮ ಗ್ರೂಪು ದಿನಾ ತೆರದೇ ಬಿಟ್ಟು ಹೋಗ್ತೀರಿ.”

“ಒಂಬತ್ತು ವರ್ಷ ವಿಶ್ವಾಸ ಇಟ್ಟಿದ್ದೆ ನಿನ್ನ ಮ್ಯಾಲ.”

“ಮಾರ್ಚ್‌ನಾಗ ಆ ಬಾಣದಾಂವ ನಮ್ಮ ಮಂದಿ ಮ್ಯಾಲ ಹಾಕಿದ್ದ. ನಮ್ಮ ಹೆಣ್ಮಕ್ಕಳ ಮ್ಯಾಲ. ನೆಪ್ಪದ ಏನ್ರಿ? ನೀವು ಇದೇ ಕುರ್ಚಿ ಮ್ಯಾಲ ಕೂತು ನಕ್ಕಿದ್ರಿ. ನಾ ಇಲ್ಲೇ ಕೂತಿದ್ದೆ, ಎರಡು ಮೊಳದಾಗ. ಆಮ್ಯಾಲ ನನಗ ‘ಚಹಾ ಕುಡೀತಿ ಏನವ್ವಾ’ ಅಂದ್ರಿ.”

ನೆನಪಿಲ್ಲ. ಖರೇ ಹೇಳುತ್ತೇನೆ, ನೆನಪೇ ಇಲ್ಲ.

“ಆವಾಗ ಸುಮ್ಮನಿದ್ದೆ. ಈ ಸಲ ಒಬ್ಬಾಂವನ ಕಾಲು ಸುಟ್ಟಾವ. ನನ್ನ ಕೆಲಸ ಬಿಡಿಸ್ತೀರೇನು?”

ಬಿಡಿಸುವುದಿಲ್ಲ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಹಾಗಾದರೆ ಫೋಟೊ... ಉಳಿದದ್ದು ಪೆನ್‌ಡ್ರೈವು ಒಂದೇ.


ಆಗಸ್ಟ್ 19, ಮಂಗಳವಾರ. ಭಾಲ್ಕಿಯಿಂದ ವಾಪಸ್ ಬರುವಾಗ, ಬಸ್ಸಿನಲ್ಲಿ

ಹಣಮಂತಪ್ಪ ಸರ್ ಪೂಜೆ ಮುಗಿಸಿ ಬಂದರು. ಹಣೆ ತುಂಬ ವಿಭೂತಿ. ಫೋಟೊದ ವಿಷಯ ಹೇಳಿದೆ. ಇಲ್ಲ ಎನ್ನುತ್ತಾರೆ, ಸಿಟ್ಟಾಗುತ್ತಾರೆ ಎಂದು ಕಾದೆ. ನಕ್ಕರು.

“ಪ್ರಾಸ ನೋಡಿನೂ ಗೊತ್ತಾಗಲಿಲ್ಲೇನ್ರಿ ನಿಮಗ?”

ಅಂದರೆ ಬಾಣ ಅವರೇ.

“ಇಪ್ಪತ್ತು ವರ್ಷ ಭಾಷಣ ಮಾಡಿದೆ. ನೀರಿನ ಲೆಕ್ಕ ಹೇಳಿದೆ, ನೌಕರಿ ಲೆಕ್ಕ ಹೇಳಿದೆ. ಮೂವತ್ತು ಮಂದಿನೂ ಬರಲಿಲ್ಲ. ಬಾಣ ಶುರು ಮಾಡಿದೆ, ಆರು ತಿಂಗಳದಾಗ ಗ್ರೂಪಿನಾಗ ನಾಕುನೂರು. ಮಂದಿಗಿ ಸಿಟ್ಟು ಬರಸೋದು ಕಠಿಣ ಅದರಿ, ನಗಸೋದು ಸಸಾರ. ನಕ್ಕಾಂವ ನಮ್ಮಾಂವ ಆಗ್ತಾನ.”

“ಆ ಮನಷ್ಯಾನ ಕಾಲು—”

“ನಾ ಒದ್ದೀನೇನು? ನಾ ಬರದದ್ದು ವಿನೋದ.” ನಂತರ ಒಂದು ಹಾಳೆ ತೆಗೆದರು. ವರದಿ ಸಿದ್ಧವಿತ್ತು. ಸೋರಿಕೆ ಮಾಡಿದ್ದು ರತ್ನದೀಪ, ಉಚ್ಚಾಟನೆ ಮಾಡಬೇಕು ಎಂದು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

ಹೊರಡುವಾಗ ಬಾಗಿಲಲ್ಲಿ ಕೇಳಿದರು: “ನಿಮ್ಮ ಅಂಗಡ್ಯಾಗ ಆ ಹೆಣ್ಮಗಳು ಇನ್ನೂ ಅದಾಳೇನ್ರಿ? ಹೆಸರೇನೋ...”

ಹೆಸರು ಅವರಿಗೆ ಚೆನ್ನಾಗಿ ಗೊತ್ತು. ಎಷ್ಟು ಗೊತ್ತು?


ಆಗಸ್ಟ್ 24, ಭಾನುವಾರ. ಸಂಜೆ

ಐದು ದಿನ ಏನೂ ಬರೆಯಲಾಗಲಿಲ್ಲ. ಹಾಳೆ ಅಂಗಿಯ ಜೇಬಿನಲ್ಲೇ ಇತ್ತು. ಸಹಿ ಮಾಡಿದರೆ ತಬಸ್ಸುಮ ಉಳಿಯುತ್ತಾಳೆ, ರತ್ನದೀಪ ಹೋಗುತ್ತಾನೆ — ಹೀಗೆ ನನಗೆ ನಾನೇ ಹೇಳಿಕೊಂಡೆ. ಅವನು ಆಗಲೇ ಹೋಗಿದ್ದಾನಲ್ಲ, ಇನ್ನೇನು ನಷ್ಟ? ಇದನ್ನೂ ಹೇಳಿಕೊಂಡೆ. ಬೆಳಿಗ್ಗೆ ಪೆನ್ನನ್ನೂ ಕೈಗೆ ತೆಗೆದುಕೊಂಡಿದ್ದೆ. ಶಶಿಕಲಾ ನೋಡುತ್ತಿದ್ದಳು.

ಸಭೆಯಲ್ಲಿ ಎದ್ದು ನಿಂತೆ. ಹಾಳೆ ಜೇಬಿನಲ್ಲೇ ಬಿಟ್ಟೆ.

“ಸೋರಿದ್ದು ನನ್ನ ಕಂಪ್ಯೂಟರಿನಿಂದ. ಜವಾಬ್ದಾರಿ ನಂದು. ರತ್ನದೀಪಗ ಸಂಬಂಧ ಇಲ್ಲ. ಜೋಕಿನ ಫೋಟೊ ಅಧ್ಯಕ್ಷರ ಪೆನ್‌ಡ್ರೈವ್‌ದು. ಬಾಣ ಅಂದ್ರ ಅವ್ರೇ. ನನಗ ಒಪ್ಪಿಕೊಂಡಾರ.”

ಹಣಮಂತಪ್ಪ ಸರ್ ಕನ್ನಡಕ ಒರೆಸಿಕೊಂಡರು.

“ಅಂತೂ ನಮ್ಮ ಕಾರ್ಯದರ್ಶಿಗೂ ಹಾಸ್ಯ ಬಂತು ನೋಡ್ರಿ.”

ಕೋಣೆ ತುಂಬ ನಗು. ಹದಿನೈದು ಮಂದಿ. ಒಬ್ಬೊಬ್ಬರ ಮುಖ ನೋಡಿದೆ. ಇಬ್ಬರಿಗೆ ನಗು ಬಂದಿರಲಿಲ್ಲ, ಆದರೂ ನಕ್ಕರು.

ಬಸ್ಸು ಹತ್ತುವಷ್ಟರಲ್ಲಿ ನನ್ನನ್ನು ಗ್ರೂಪಿನಿಂದ ತೆಗೆದುಹಾಕಿದ್ದರು.


ಆಗಸ್ಟ್ 27, ಬುಧವಾರ

ನನ್ನ ಮೇಲೂ ಒಂದು ಜೋಕು ಬಂದಿದೆಯಂತೆ. ಮಕ್ಬೂಲ ತೋರಿಸಲು ಬಂದ. ನೋಡಲಿಲ್ಲ. ರಸ್ತೆಯಲ್ಲಿ ಯಾರಾದರೂ ನಕ್ಕರೆ ನನಗೇ ಇರಬೇಕು ಅನ್ನಿಸುತ್ತದೆ. ತಬಸ್ಸುಮ ಕೆಲಸಕ್ಕೆ ಬರುತ್ತಿದ್ದಾಳೆ. ಮಾತು ಅಷ್ಟಕ್ಕಷ್ಟೆ.


ಆಗಸ್ಟ್ 31, ಭಾನುವಾರ. ಔರಾದ್ ಬಸ್‌ಸ್ಟ್ಯಾಂಡ್, ಮಧ್ಯಾಹ್ನ 3.15

ಚಿಂತಾಕಿಗೆ ಹೋಗಿಬಂದೆ. ರತ್ನದೀಪನ ತಾಯಿ ಶಾಲುಬಾಯಿ ಅಂಗಳದಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದರು. ಎಂದಿನಂತೆ ‘ಬಾ ಪ್ರವೀಣಾ’ ಎನ್ನಲಿಲ್ಲ. “ಅದಾನ ಒಳಗ” — ಅಷ್ಟೇ.

ರತ್ನದೀಪ ಹೊಸ್ತಿಲಲ್ಲೇ ಕೈ ಚಾಚಿದ.

“ಫೋನ್ ಹೊರಗ ಇಡು.”

“ನನ್ನ ಮ್ಯಾಲೂ ಸಂಶಯ ಏನು?”

“ತಪಾಸ ಮಾಡಾಂವ ನೀ. ಮತ್ತ ಯಾರಿಗಿ ಏನ ವರದಿ ಕೊಡಬೇಕಾಗ್ಯದೋ.”

ಫೋನು ಶಾಲುಬಾಯಿಯ ಪಕ್ಕ ಇಟ್ಟೆ. ಸಭೆಯಲ್ಲಿ ನಡೆದದ್ದು ಹೇಳಿದೆ. ಆಗಲೇ ಕೇಳಿದ್ದೇನೆ ಎಂದ. ಆಮೇಲೆ ಅವನೇ ಕೇಳಿದ:

“ನನ್ನ ಫೋಟೊ ಬಂದಾಗ ಏನ ಮಾಡಿದಿ?”

ಇಮೋಜಿ ಒತ್ತಲಿಲ್ಲ ಎನ್ನಬಹುದಿತ್ತು. ಅದೂ ನಿಜವೇ. “ನಕ್ಕೆ. ನೀ ಅಂತ ಗೊತ್ತಾಗೋಕಿಂತ ಮೊದಲ.”

“ಮತ್ತ ಯಾರೋ ಇದ್ದಿದ್ರ ಪೂರಾ ನಗ್ತಿದ್ದಿ.”

“ಹೌದು.”

ಅವನು ಬೈಯಲಿಲ್ಲ. ಎದ್ದು ಒಳಗೆ ಹೋದ. ಮುಗಿಯಿತು ಅಂದುಕೊಂಡೆ. ಬಿಳಿ ಹಾಳೆ ಹಿಡಿದು ಬಂದ.

“ಮೋಮೋದಾಂವ ಇನ್ನೂ ನಡಿಯಂಗಿಲ್ಲ. ಠಾಣ್ಯಾಗ ‘ಹುಡುಗರ ಚೇಷ್ಟೆ’ ಅಂತ ಬರಕೊಂಡಾರ. ವಕೀಲರು ಅಂದಾರ, ಜೋಕು ಎಲ್ಲಿಂದ ಬಂತು, ಹ್ಯಾಂಗ ಹಬ್ಬಿತು ಅಂತ ಒಳಗಿನಾಂವ ಒಬ್ಬ ಬರದು ಕೊಡಬೇಕಂತ. ಕೊಡ್ತಿ?”

“ತಬಸ್ಸುಮನ ಹೆಸರು ಬರಬಾರದು.”

“ಬರಂಗಿಲ್ಲ. ನಿಂದು ಬರ್ತದ. ನಕ್ಕಿದ್ದೂ ಬರೀಬೇಕು, ಬರೇ ಅವರ ಸುದ್ದಿ ಅಲ್ಲ.” ನಾನು ಹಾಳೆ ತೆಗೆದುಕೊಂಡೆ. ಅವನು ಪೂರ್ತಿ ಬಿಡಲಿಲ್ಲ, ಒಂದು ತುದಿ ಹಿಡಿದೇ ಇದ್ದ. “ನೀ ಬರೀತಿ ಅಂತ ನಾ ಇನ್ನಾ ನಂಬಿಲ್ಲ, ಪ್ರವೀಣಾ.”

ಬೀದರ್ ಬಸ್ಸು ಒಂದು ಹೋಯಿತು. ಹತ್ತಲಿಲ್ಲ. ಮನೆಗೆ ಹೋದರೆ ಬರೆಯುವುದಿಲ್ಲ, ನನ್ನನ್ನು ನಾನು ಬಲ್ಲೆ. ಹಾಳೆಯಲ್ಲಿ ಹಾಕುವ ಮುಂಚೆ ಇಲ್ಲಿ ಬರೆದು ನೋಡುತ್ತೇನೆ:

‘ಪ್ರವೀಣಕುಮಾರ ಎಂಬ ನಾನು ಬರೆದುಕೊಡುವುದೇನೆಂದರೆ, ಆಗಸ್ಟ್ ನಾಲ್ಕರಂದು ಬೆಳಿಗ್ಗೆ, ನನ್ನ ಅಂಗಡಿಯಲ್ಲಿ ಕೂತು, ಆ ಮನುಷ್ಯನ ಫೋಟೊ ನೋಡಿ, ಅದರ ಕೆಳಗಿನ ಎರಡೂ ಸಾಲು ಓದಿ, ನಾನು —