ಮೇಲಿನ ಮನೆಯವರು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟುಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಬೈಯುವುದಾದರೆ ಪ್ರಾಸಬದ್ಧವಾಗಿ ಬೈ, ಬಿ.ಎ. ಓದಿದ್ದರಲ್ಲಿ ನನಗೆ ಉಳಿದದ್ದು ಅದೊಂದೇ. ಅಂಗಡಿಯಲ್ಲಿ ಪರದೆ ಹೊಲಿಯುವ ಕೆಲಸ ಜಾಸ್ತಿಯಿತ್ತು ಎಂದು ಬರೆಯಬಹುದಿತ್ತು. ಆದರೆ ಕೈ ನಡುಗಿ ಅಕ್ಷರ ಕೂರುತ್ತಿರಲಿಲ್ಲ ಎಂಬುದು ನಿಜ.

ನಿನ್ನ ಭಾವ ಚೆನ್ನಾಗಿದ್ದಾರೆ, ಅವರ ಗೊರಕೆ ಇನ್ನೂ ಚೆನ್ನಾಗಿದೆ. ನೀನು ಪುಸ್ತಕ ಬೈಂಡಿಂಗ್ ಕೆಲಸದಲ್ಲಿ ನೆಲೆ ನಿಂತದ್ದು, ಮಾತ್ರೆ ತಪ್ಪಿಸದೆ ನುಂಗುತ್ತಿರುವುದು ಓದಿ ಹೊಟ್ಟೆ ತಣ್ಣಗಾಯಿತು.

ಆ ಮಾತ್ರೆಯ ವಿಷಯವನ್ನೇ ಬರೆಯಬೇಕಿದೆ. ನಮ್ಮ ಸ್ಟೀಲ್ ಡಬ್ಬಿ ನೆನಪಿದೆಯಲ್ಲ? ಯಾರಿಗೆ ಯಾವ ಮಾತ್ರೆ ಬರೆದುಕೊಟ್ಟರೂ ಉಳಿದದ್ದು ಅದರೊಳಗೆ. ಒಬ್ಬರ ಕಾಯಿಲೆಗೆ ತಂದದ್ದು ಎಲ್ಲರ ಕಾಯಿಲೆಗೂ ಆಗಬೇಕು ಅನ್ನುವುದು ಅಮ್ಮನ ಪದ್ಧತಿ. ಈ ಮನೆಗೂ ನಾನು ಅದನ್ನೇ ತಂದೆ. ಅಮ್ಮ ಹೋದ ಮೇಲೆ ನೀನು ಇಲ್ಲಿ ನಮ್ಮ ಜೊತೆ ಇದ್ದಾಗ ಡಾಕ್ಟರು ನಿನ್ನ ಮಾತ್ರೆ ಬದಲಾಯಿಸಿದರಲ್ಲ, ಹಳೆಯವು ಡಬ್ಬಿಗೆ ಬಿದ್ದವು.

ಆಗ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ನಮ್ಮತ್ತೆ ಅಂದರು, “ಪುಟ್ಟು ಅದನ್ನ ನುಂಗಿ ಕುಂಭಕರ್ಣನ ಹಾಗೆ ಮಲಗ್ತಿದ್ದ. ಅರ್ಧ ತಗೊಳ್ಳೇ, ಏನೂ ಆಗಲ್ಲ.” ತಗೊಂಡೆ. ಹಗ್ಗ ಹರಿದ ಕೊಡ ಬಾವಿಗೆ ಇಳಿದ ಹಾಗೆ ಇಳಿದೆ. ಅರ್ಧ ಒಂದಾಯಿತು. ರಾತ್ರಿಗೊಂದು ಮಾತ್ರೆ, ಪಾತಾಳಕ್ಕೊಂದು ಯಾತ್ರೆ. ಅತ್ತೆಯೂ ಶುರುಮಾಡಿದರು, ಪಕ್ಕದ ಮನೆ ಟೀಚರೂ ಕೈಯೊಡ್ಡಿದರು. ಡಬ್ಬಿ ಬರಿದಾದಾಗ ನಿನ್ನ ಹಳೇ ಚೀಟಿ ತೋರಿಸಿದೆ. ಔಷಧಿ ಅಂಗಡಿಯವನು “ತಮ್ಮ ಹೇಗಿದ್ದಾನೆ?” ಎಂದು ವಿಚಾರಿಸಿಯೇ ಕೊಡುತ್ತಿದ್ದ. “ಚೆನ್ನಾಗಿ ಮಲಗ್ತಾನೆ” ಅನ್ನುತ್ತಿದ್ದೆ.

ವಿಚಿತ್ರವೆಲ್ಲ ಬೆಳಗಿನ ಹೊತ್ತು. ಟೀಚರು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಬಾಗಿಲಲ್ಲಿ ನಿಂತೇ ಇರುತ್ತಿದ್ದರು. ತುಟಿಯ ಮೇಲೆ ನೊರೆ ಒಣಗಿರುತ್ತಿತ್ತು. ಅತ್ತೆ ಖಾಲಿ ಬಾಯಿ ಅಗಿಯುತ್ತಿದ್ದರು.

“ಏನತ್ತೆ, ಏನು ತಿಂತಿದ್ದೀರಿ?”

“ನಾನೇನೂ ತಿಂತಿಲ್ಲ ಕಣೇ. ಅದೇ ತಿಂತಿದೆ.”

ನಗು ಬಂತು. ಆಮೇಲೆ ಕನ್ನಡಿ ನೋಡಿಕೊಂಡರೆ ನನ್ನ ದವಡೆಯೂ ಮೆಲ್ಲಗೆ ಆಡುತ್ತಿತ್ತು.

ಅಂಗಡಿಯಲ್ಲಿ ಮೆಷಿನ್ ಮುಚ್ಚಿಟ್ಟ ಮೇಲೂ ನನ್ನ ಕಾಲು ನೆಲ ತುಳಿಯುತ್ತಲೇ ಇರುತ್ತಿತ್ತು. “ಅಕ್ಕಾ, ಬಟ್ಟೆ ಇಲ್ಲ, ದಾರ ಇಲ್ಲ, ಎಲ್ಲಿಗೆ ಹೊರಟಿರಿ?” ಅಂದ ಮಾಲೀಕ. ಹೆದರಿಕೆಯಾಯಿತು. ಒಂದೇ ಏಟಿಗೆ ಮಾತ್ರೆ ನಿಲ್ಲಿಸಿ, ಡಬ್ಬಿ ತೊಳೆದು ಬೋರಲು ಹಾಕಿದೆ.

ನಿದ್ದೆ ಪೂರ್ತಿ ಹಾರಿಹೋಯಿತು. ಆಮೇಲೊಂದು ಮಧ್ಯಾಹ್ನ, ಒಳ್ಳೆ ಬಿಸಿಲು, ಮೇಲೆ ಯಾರೋ ಮಂಚ ಎಳೆದರು.

ಪುಟ್ಟು, ನಮ್ಮದು ಒಂದೇ ಅಂತಸ್ತಿನ ಮನೆ. ಮೇಲೆ ತಗಡು, ಅದರ ಮೇಲೆ ಆಕಾಶ. ‘ಮೇಲಿನ ಮನೆಯವರು ಗಲಾಟೆ ಮಾಡ್ತಾರೆ’ ಎಂದು ನೀನು ಹೇಳಿದಾಗಲೆಲ್ಲ ‘ಬಾಡಿಗೆ ಕೊಡದವರು, ಬಾಗಿಲೇ ಇಲ್ಲದವರು’ ಎಂದು ಹಾಡಿ ನಗಿಸುತ್ತಿದ್ದೆನಲ್ಲ? ಅಂಗಳಕ್ಕೆ ಹೋಗಿ ನೋಡಿದೆ. ತಗಡಿನ ಮೇಲೊಂದು ಕಾಗೆ, ಅದೂ ಕತ್ತು ಓರೆ ಮಾಡಿ ಕೇಳಿಸಿಕೊಳ್ಳುತ್ತಿತ್ತು. ಒಳಗೆ ಬಂದರೆ ಮತ್ತೆ ಮಂಚ. ಅದಾದ ಮೇಲೆ ಮಾತು.

ನಿನ್ನ ಡಾಕ್ಟರ ಬಳಿಗೇ ಹೋದೆ. “ನಿಮ್ಮ ತಮ್ಮನಿಗೆ ಅದು ಊರುಗೋಲು. ಕಾಲು ಗಟ್ಟಿ ಇದ್ದೋರು ನೀವು ಅದರ ಮೇಲೆ ನಡೆದು ಅಭ್ಯಾಸ ಮಾಡ್ಕೊಂಡ್ರಿ. ಈಗ ದಿಢೀರಂತ ಬಿಸಾಕಿದ್ರೆ ಬೀಳ್ದೆ ಇನ್ನೇನಮ್ಮಾ?” ಅಂದರು. ಮತ್ತೆ ಶುರುಮಾಡಿ ಸ್ವಲ್ಪಸ್ವಲ್ಪವಾಗಿಯೇ ಇಳಿಸಬೇಕಂತೆ. ಅತ್ತೆಯನ್ನೂ ಟೀಚರನ್ನೂ ಕರೆದುಕೊಂಡು ಹೋದೆ. ಅತ್ತೆಯ ದವಡೆ ನಿಲ್ಲುವುದೋ ಇಲ್ಲವೋ ಹೇಳಲಾಗದಂತೆ.

ನನ್ನ ಕಥೆ ಓದಿ ನೀನು ಮಾತ್ರೆ ಬಿಟ್ಟೀಯ, ಜೋಕೆ! ನಿನ್ನದು ನಿನಗೆಂದೇ ಬರೆದದ್ದು. ನನಗೆ ಸಂಜೆಯಾದರೆ ಹೇಳಿದ್ದಕ್ಕಿಂತ ಒಂದು ಹೆಚ್ಚು ನುಂಗಿ ಮೇಲಿನವರ ಬಾಯಿ ಮುಚ್ಚಿಸೋಣ ಅನ್ನಿಸುತ್ತದೆ. ಆ ಹೆಚ್ಚಿನದನ್ನು ನುಂಗದೆ ಹೇಗೆ ಕೂರುವುದು? ನೀನು ಹೇಗೆ ಕೂರುತ್ತಿದ್ದೆ? ಬರೆ. ನಿನ್ನನ್ನು ಬಿಟ್ಟರೆ ಕೇಳಲು ನನಗೆ ಯಾರೂ ಇಲ್ಲ.

ನಿದ್ದೆ ನಿನ್ನದೇ ಆಗಿರಲಿ, ಬೈಂಡಿಂಗಿನ ಅಂಟು ಕೈಗಷ್ಟೇ ಅಂಟಲಿ, ನೂರು ಕಾಲ ಬಾಳು.

ಇಂತಿ,
ನಿನ್ನ ಅಕ್ಕ

ವಿ.ಸೂ.: ಮೇಲಿನವರು ಏನು ಹೇಳುತ್ತಾರೆಂದು ನೀನು ಯಾರಿಗೂ ಬಾಯಿ ಬಿಡಲಿಲ್ಲ. ನನಗೆ ಕೇಳಿಸುವುದು ಇಷ್ಟೇ: “ಇನ್ನೂ ಯಾಕೆ ಇದ್ದೀಯ?” ಅಮ್ಮನ ದನಿಯಲ್ಲಿ. ನಿನಗೂ ಅದೇ ದನಿಯೇನೋ? ನೀನು ಅಮ್ಮ ಬಡಿಸಿದ ತಟ್ಟೆ ಎತ್ತಿಕೊಂಡು ಹೊರಗೆ ಹೋಗಿ ತಿನ್ನುತ್ತಿದ್ದೆ. ಕೊನೆಯ ದಿನ ಅವಳ ಕೋಣೆಯ ಹೊಸ್ತಿಲು ದಾಟಲಿಲ್ಲ. ನಾವೆಲ್ಲ ಅದಕ್ಕೆ ಕೊಬ್ಬು ಅಂದೆವು. ಆದರೆ ‘ಯಾಕೆ ಇದ್ದೀಯ’ ಎಂದು ಅಮ್ಮ ಯಾವತ್ತೂ ಅನ್ನಲಿಲ್ಲ, ಪುಟ್ಟು. ಅವಳು ಆವತ್ತು ಕೇಳಿದ್ದು, “ಇನ್ನೂ ಯಾಕೆ ಬರಲಿಲ್ಲ ಅವನು? ಊಟ ಮಾಡಿದ್ನಾ?” ಎಂದು. ಪಕ್ಕದಲ್ಲೇ ಕೂತಿದ್ದೆ. ಆಗ ನನ್ನ ಕಿವಿ ನೆಟ್ಟಗಿತ್ತು.