ಊಟಕ್ಕೆ ಕರೆಯುವ ಸಿಳ್ಳೆ

ಅಪ್ಪಾ,

ನೀನು ಮೃಗಾಲಯದಿಂದ ತಂದು, ನಮ್ಮ ಅಡುಗೆಮನೆಯಲ್ಲಿ ರಟ್ಟಿನ ಡಬ್ಬಿಯಲ್ಲಿಟ್ಟು ಸಾಕಿದ ಮರಿಗೆ ಇವತ್ತು ಹೆಣ್ಣು ತಂದರು. ಆ ಜಾತಿಯಲ್ಲಿ ಇನ್ನು ಉಳಿದಿರುವುದು ಇವೆರಡೇ ಹಕ್ಕಿ. ನೀನು ತೀರಿಹೋದಮೇಲೆ ಮೃಗಾಲಯದ ನಿನ್ನ ಕೆಲಸ ನನಗೇ ಬಂದಿದೆಯಲ್ಲ.

ಪಂಜರದ ನಡುವಿನ ಪರದೆ ಸರಿಸಿದೆ. ಹೆಣ್ಣು ಹೋಗಿ ಮೂಲೆ ಸೇರಿತು. ನಮ್ಮವನು ಎದೆಯುಬ್ಬಿಸಿ ಕೂಗಿದ. ಕೂಗಲ್ಲ ಅದು, ನಿನ್ನ ಸಿಳ್ಳೆ! ಅವನಿಗೆ ತುತ್ತು ಕೊಡುವಾಗ ಹಾಕುತ್ತಿದ್ದ, ಬೀದಿಯಲ್ಲಿ ಆಡುತ್ತಿದ್ದ ನನ್ನನ್ನು ಊಟಕ್ಕೆ ಕರೆಯುತ್ತಿದ್ದ ಅದೇ ಸಿಳ್ಳೆ, ಕೊನೆಗೆ ಎಳೆಯುವ ರಾಗದ ಸಮೇತ. ತನ್ನ ಜಾತಿಯ ಕೂಗನ್ನು ಅವನಿಗೆ ಕಲಿಸಲು ಯಾರಿದ್ದರು?

"ಇದೇನ್ರೀ, ಬೀದಿ ಪೋಕರಿ ಥರ ಸಿಳ್ಳೆ ಹೊಡೀತಾನೆ! ಇದಕ್ಕೆ ಯಾವ ಹೆಣ್ಣು ಬರುತ್ತೆ?" ಎಂದು ಮೃಗಾಲಯದ ಡಾಕ್ಟರು ನಗಲು ನೋಡಿದರು, ಆಗಲಿಲ್ಲ. "ಅವಳಿಗೂ ವಯಸ್ಸಾಯ್ತು. ಈ ಸಲ ಮೊಟ್ಟೆ ಇಡ್ಲಿಲ್ಲ ಅಂದ್ರೆ ಮುಗೀತು ಕಥೆ. ಯಾರು ಕಲಿಸಿದ್ರು ಇದನ್ನ?"

ಗೊತ್ತಿಲ್ಲ ಎಂದೆ. ಹೇಳಿದರೆ ಎಲ್ಲವನ್ನೂ ನಿನ್ನ ತಲೆಗೆ ಕಟ್ಟುತ್ತಾರೆ.

ಸಂಜೆಯವರೆಗೂ ಅವನು ಬಿಡದೆ ಕರೆದ. ಹೆಣ್ಣು ಗೋಡೆಯ ಕಡೆ ಮುಖ ಮಾಡಿಯೇ ಕೂತಿತ್ತು. ಪ್ರತಿ ಸಲವೂ ತಿರುಗಿ ನೋಡಿದ್ದು ನಾನೊಬ್ಬಳೇ.